ಮಂಡ್ಯದ ಬಯಲಿನಲ್ಲಿ ಮೊಬೈಲ್ ಕ್ಯಾಮೆರಾದ ಬಣ್ಣ: ಡೀಪ್ ಲರ್ನಿಂಗ್ ವಿಧಾನಗಳ ಒಂದು ಸಮೀಕ್ಷೆ

ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳ ಕೃಷಿ ಬದುಕಿನಲ್ಲಿ ಬಣ್ಣವನ್ನು ನೋಡಿಯೇ ಅನೇಕ ನಿರ್ಣಯಗಳು ನಡೆಯುತ್ತವೆ. ಭತ್ತದ ಪೈರಿಗೆ ಮೇಲುಗೊಬ್ಬರ ಬೇಕೋ ಬೇಡವೋ ಎಂಬುದನ್ನು ಎಲೆಯ ಹಸಿರಿನಿಂದ ಅಂದಾಜು ಮಾಡುತ್ತಾರೆ. ಮಂಡ್ಯದ ಎಪಿಎಂಸಿ ಮಾರುಕಟ್ಟೆಗೆ ಬಂದ ಬೆಲ್ಲದ ಧಾರಣೆಯಲ್ಲಿ ಅದರ ಬಣ್ಣಕ್ಕೆ ದೊಡ್ಡ ಪಾಲಿದೆ. ರೇಷ್ಮೆ ಗೂಡು ದ್ವಿತಳಿಯದೋ ಮಿಶ್ರತಳಿಯದೋ ಎಂಬುದು ಬಿಳಿ ಮತ್ತು ಹಳದಿಯ ನಡುವಿನ ವ್ಯತ್ಯಾಸದಿಂದ ಮೊದಲ ನೋಟಕ್ಕೇ ತಿಳಿಯುತ್ತದೆ. ಈಚಿನ ವರ್ಷಗಳಲ್ಲಿ ಇಂಥ ನೋಟಗಳು ಮೊಬೈಲ್ ಫೋನಿನ ಮೂಲಕ ನಡೆಯತೊಡಗಿವೆ. 2020ರಿಂದ ಕರ್ನಾಟಕದ ರೈತರು ಸರ್ಕಾರದ ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ತಮ್ಮ ಜಮೀನಿನ ಬೆಳೆಯ ಚಿತ್ರವನ್ನು ತಾವೇ ತೆಗೆದು ದಾಖಲಿಸುವ ವ್ಯವಸ್ಥೆ ಬಂದಿದೆ. ರೋಗ ತಗುಲಿದ ಎಲೆಯ ಚಿತ್ರವನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿ ಸಲಹೆ ಕೇಳುವುದು ವಾಡಿಕೆಯಾಗಿದೆ.

ಆದರೆ ಫೋನಿನ ಪರದೆಯ ಮೇಲೆ ಕಾಣುವ ಬಣ್ಣವು ಗದ್ದೆಯಿಂದ ನೇರವಾಗಿ ಬಂದದ್ದಲ್ಲ; ಅದು ಹಲವು ಹಂತಗಳ ಲೆಕ್ಕದಿಂದ ಹುಟ್ಟಿದ್ದು, ಕಳೆದ ಹತ್ತು ವರ್ಷಗಳಲ್ಲಿ ಆ ಲೆಕ್ಕದ ಮುಖ್ಯ ಭಾಗಗಳನ್ನು ಡೀಪ್ ಲರ್ನಿಂಗ್ ಎಂಬ ವಿಧಾನವು ವಹಿಸಿಕೊಂಡಿದೆ. ಆ ವಿಧಾನಗಳು ಎಲ್ಲಿಂದ ಬಂದವು, ಯಾವ ಚಿತ್ರಗಳಿಂದ ಕಲಿತವು, ಕಾವೇರಿ ನೀರಿನ ಈ ಬಯಲಿಗೆ ಅವು ಎಷ್ಟರಮಟ್ಟಿಗೆ ಹೊಂದುತ್ತವೆ ಎಂಬುದು ಇಲ್ಲಿಯ ಪರಿಶೀಲನೆಯ ವಿಷಯ. ನೋಡಲು ಹಿತವಾದ ಬಣ್ಣ ಮತ್ತು ಅಳೆಯಲು ಯೋಗ್ಯವಾದ ಬಣ್ಣ ಎರಡೂ ಬೇರೆ ಬೇರೆ ಗುರಿಗಳಾಗಿದ್ದು, ಈವರೆಗಿನ ಶ್ರಮ ಬಹುಮಟ್ಟಿಗೆ ಮೊದಲನೆಯದಕ್ಕೇ ಸಂದಿದೆ ಎಂಬುದು ಈ ಲೇಖನದ ವಾದ.

ಕ್ಯಾಮೆರಾದ ಸೆನ್ಸರ್, ಅಂದರೆ ಬೆಳಕನ್ನು ವಿದ್ಯುತ್ತಾಗಿ ಪರಿವರ್ತಿಸುವ ಸಿಲಿಕಾನ್ ಹಲಗೆ, ತಾನಾಗಿ ಬಣ್ಣವನ್ನು ಅರಿಯದು. ಅದು ಎಷ್ಟು ಬೆಳಕು ಬಿತ್ತೆಂಬುದನ್ನು ಮಾತ್ರ ಎಣಿಸುತ್ತದೆ. ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಏರ್ಪಾಟಿನಂತೆ ಸೆನ್ಸರಿನ ಒಂದೊಂದು ಬಿಂದುವಿನ ಮೇಲೂ ಕೆಂಪು, ಹಸಿರು ಅಥವಾ ನೀಲಿ ಬಣ್ಣದ ಒಂದು ಶೋಧಕವಿರುತ್ತದೆ. ನಾಲ್ಕು ಬಿಂದುಗಳ ಪ್ರತಿ ಚೌಕದಲ್ಲಿ ಎರಡು ಹಸಿರಿಗೆ, ಒಂದು ಕೆಂಪಿಗೆ, ಇನ್ನೊಂದು ನೀಲಿಗೆ ಮೀಸಲು. ಹೀಗಾಗಿ ಪ್ರತಿ ಬಿಂದುವಿನಲ್ಲೂ ಮೂರರಲ್ಲಿ ಒಂದು ಬಣ್ಣದ ಅಳತೆ ಮಾತ್ರ ಸಿಕ್ಕಿ, ಉಳಿದೆರಡನ್ನು ನೆರೆಯ ಬಿಂದುಗಳಿಂದ ಊಹಿಸಬೇಕಾಗುತ್ತದೆ. ಈ ಊಹೆಗೆ ಡಿಮೊಸಾಯಿಕಿಂಗ್ ಎಂದು ಹೆಸರು. ಆಮೇಲೆ ಬೆಳಕಿನ ಛಾಯೆಯನ್ನು ಕಳೆಯುವ ವೈಟ್ ಬ್ಯಾಲೆನ್ಸ್, ಸೆನ್ಸರಿನ ಮೂರು ಸಂಖ್ಯೆಗಳನ್ನು ಮನುಷ್ಯನ ಕಣ್ಣಿನ ಅಳತೆಗೆ ಹೊಂದಿಸುವ ಗುಣಾಕಾರ, ಕತ್ತಲು ಬೆಳಕಿನ ಅಂತರವನ್ನು ಪರದೆಗೆ ಒಗ್ಗಿಸುವ ಟೋನ್ ಹೊಂದಾಣಿಕೆ, ಕೊನೆಗೆ ಜೆಪೆಗ್ ಕಡತವಾಗಿ ಕುಗ್ಗಿಸುವ ಹಂತ ಬರುತ್ತವೆ. ಮನುಷ್ಯನ ಕಣ್ಣಿನ ಅಳತೆ ಎಂಬುದು ಇಲ್ಲಿ ಸಡಿಲವಾದ ಮಾತಲ್ಲ; ಅಂತರರಾಷ್ಟ್ರೀಯ ಬೆಳಕಿನ ಆಯೋಗವು 1931ರಲ್ಲಿ ಗೊತ್ತುಪಡಿಸಿದ ಮಾನಕ ವೀಕ್ಷಕನೇ ಇಂದಿಗೂ ಈ ಲೆಕ್ಕಗಳ ಬುಡದಲ್ಲಿದ್ದಾನೆ.

ಈ ಹಂತಗಳಲ್ಲಿ ಅತ್ಯಂತ ಕಠಿಣವೂ ಮಂಡ್ಯದ ಮಟ್ಟಿಗೆ ಅತ್ಯಂತ ನಿರ್ಣಾಯಕವೂ ಆದದ್ದು ವೈಟ್ ಬ್ಯಾಲೆನ್ಸ್. ಸೆನ್ಸರಿಗೆ ತಲುಪುವ ಬೆಳಕು ವಸ್ತುವಿನ ಬಣ್ಣ ಮತ್ತು ಅದರ ಮೇಲೆ ಬಿದ್ದ ಬೆಳಕಿನ ಬಣ್ಣ ಇವೆರಡರ ಗುಣಲಬ್ಧವಾಗಿರುವುದರಿಂದ, ಲಬ್ಧವೊಂದನ್ನೇ ಕೊಟ್ಟು ಎರಡು ಅಪವರ್ತನಗಳನ್ನೂ ಹೇಳೆಂದು ಕೇಳಿದಂತಾಗುತ್ತದೆ. ಮನುಷ್ಯನ ದೃಷ್ಟಿ ಇದನ್ನು ಅರಿವಿಲ್ಲದೆಯೇ ಬಿಡಿಸುತ್ತದೆ. ಮೂರು ಬಣ್ಣದ ಗ್ರಾಹಕಗಳು ಒಂದೊಂದೂ ಪ್ರತ್ಯೇಕವಾಗಿ ತಮ್ಮ ಸೂಕ್ಷ್ಮತೆಯನ್ನು ಏರಿಳಿಸಿಕೊಳ್ಳುತ್ತವೆ ಎಂಬ ಯೋಹಾನೆಸ್ ಫಾನ್ ಕ್ರೀಸ್ ಅವರ 1902ರ ಕಲ್ಪನೆಯನ್ನೇ ಕ್ಯಾಮೆರಾಗಳೂ ಅನುಸರಿಸುತ್ತವೆ. ಆದರೆ ಎಷ್ಟು ಏರಿಳಿಸಬೇಕು ಎಂಬ ಪ್ರಶ್ನೆಗೆ ಹಳೆಯ ವಿಧಾನಗಳು ಕೊಟ್ಟ ಉತ್ತರಗಳು ಸರಳ ಊಹೆಗಳಾಗಿದ್ದವು. ಎಡ್ವಿನ್ ಲ್ಯಾಂಡ್ ಮತ್ತು ಜಾನ್ ಮೆಕ್ಯಾನ್ 1971ರಲ್ಲಿ ವಿವರಿಸಿದ ರೆಟಿನೆಕ್ಸ್ ಸಿದ್ಧಾಂತದಿಂದ ಬಂದ ಒಂದು ಊಹೆಯಂತೆ ದೃಶ್ಯದ ಅತಿ ಪ್ರಕಾಶದ ಭಾಗವು ಬಿಳಿ; ಗರ್ಶನ್ ಬುಕ್ಸ್‌ಬಾಮ್ 1980ರಲ್ಲಿ ಮಂಡಿಸಿದ ಇನ್ನೊಂದರಂತೆ ಇಡೀ ದೃಶ್ಯದ ಸರಾಸರಿ ಬಣ್ಣವು ಬೂದು.

ಈ ಎರಡನೆಯ ಊಹೆ ಶ್ರಾವಣದ ಮಂಡ್ಯದಲ್ಲಿ ಹೇಗೆ ಕುಸಿಯುತ್ತದೆ ಎಂಬುದನ್ನು ವಿವರವಾಗಿ ನೋಡಬೇಕು. ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟು ನಾಟಿ ಮುಗಿದ ಮೇಲೆ ಚಿತ್ರದ ಚೌಕಟ್ಟಿನ ತುಂಬ ಪೈರಿನ ಹಸಿರೊಂದೇ ಇರುವ ಸಂದರ್ಭ ಇಲ್ಲಿ ಸರ್ವೇಸಾಮಾನ್ಯ. ಅಂಥ ಚಿತ್ರದ ಸರಾಸರಿ ಕೆಂಪು 80, ಹಸಿರು 120, ನೀಲಿ 40 ಎಂದು ಉದಾಹರಣೆಗಾಗಿ ಇಟ್ಟುಕೊಂಡರೆ, ಮೂರನ್ನೂ 80ಕ್ಕೆ ತರಲು ಹೊರಟ ಲೆಕ್ಕವು ಹಸಿರನ್ನು ಮೂರನೇ ಒಂದು ಭಾಗದಷ್ಟು ತಗ್ಗಿಸಿ ನೀಲಿಯನ್ನು ಎರಡು ಪಟ್ಟು ಹೆಚ್ಚಿಸುತ್ತದೆ. ಎಲೆಯ ಬಣ್ಣವನ್ನು ಬೆಳಕಿನ ಬಣ್ಣವೆಂದು ತಪ್ಪಾಗಿ ತಿಳಿದ ಈ ಲೆಕ್ಕದಿಂದ ಪೈರು ಬೂದಿಗೆ ತಿರುಗುತ್ತದೆ, ಬದುವಿನ ಮಣ್ಣಿಗೆ ನೇರಳೆ ಛಾಯೆ ಬರುತ್ತದೆ. ಅಲ್ಲದೆ, ಪೈರು ಎಷ್ಟು ಆರೋಗ್ಯಕರವಾಗಿ ಹಸಿರಾಗಿದೆಯೋ ಅಷ್ಟೇ ಹೆಚ್ಚಾಗಿ ಅದರ ಹಸಿರನ್ನು ಕಳೆಯುವ ಈ ದೋಷವು ರೈತನಿಗೆ ಬೇಕಾದ ಮಾಹಿತಿಯನ್ನೇ ಆರಿಸಿ ಅಳಿಸುತ್ತದೆ. ಮುಂಗಾರಿನ ಮೋಡದ ದಿನಗಳಲ್ಲಿ ಬೆಳಕೇ ನೀಲಿಗೆ ವಾಲಿರುವುದರಿಂದ ತೊಡಕು ಇಮ್ಮಡಿಯಾಗುತ್ತದೆ.

ಡೀಪ್ ಲರ್ನಿಂಗ್ ಈ ಹಂತದಲ್ಲಿ ತಂದ ಬದಲಾವಣೆ ಏನೆಂದರೆ, ಊಹೆಯನ್ನು ಮನುಷ್ಯನು ಮೊದಲೇ ಬರೆದಿಡುವ ಬದಲು ಉತ್ತರ ತಿಳಿದಿರುವ ಸಾವಿರಾರು ಚಿತ್ರಗಳಿಂದ ಯಂತ್ರವೇ ಅದನ್ನು ಕಂಡುಕೊಳ್ಳುವುದು. ನರಜಾಲ ಎಂದು ಕರೆಯಲಾಗುವ ಈ ಗಣಿತ ರಚನೆಯಲ್ಲಿ ಒಂದರ ಮೇಲೊಂದು ಪದರಗಳಿರುತ್ತವೆ. ಪ್ರತಿ ಪದರವೂ ಚಿತ್ರದ ಸಣ್ಣ ಸಣ್ಣ ತುಂಡುಗಳ ಮೇಲೆ ಗುಣಾಕಾರ, ಸಂಕಲನಗಳನ್ನು ನಡೆಸಿ ಫಲಿತಾಂಶವನ್ನು ಮುಂದಿನ ಪದರಕ್ಕೆ ಕೊಡುತ್ತದೆ, ಕೊನೆಯಲ್ಲಿ ಬಂದ ಉತ್ತರ ಸರಿಯುತ್ತರದಿಂದ ಎಷ್ಟು ದೂರವಿದೆಯೋ ಅದಕ್ಕೆ ತಕ್ಕಂತೆ ಎಲ್ಲ ಪದರಗಳ ಸಂಖ್ಯೆಗಳೂ ಸ್ವಲ್ಪ ಸ್ವಲ್ಪವೇ ತಿದ್ದಲ್ಪಡುತ್ತವೆ. ಇಟಲಿಯ ಬಿಯಾಂಕೊ, ಕುಸಾನೊ ಮತ್ತು ಸ್ಕೆಟ್ಟಿನಿ 2015ರಲ್ಲಿ ಇಂಥ ಜಾಲದಿಂದ ದೃಶ್ಯದ ಬೆಳಕಿನ ಬಣ್ಣವನ್ನು ಅಂದಾಜು ಮಾಡಬಹುದೆಂದು ತೋರಿಸಿದರು. ಅದೇ ವರ್ಷ ಗೂಗಲ್‌ನ ಜಾನಥನ್ ಬ್ಯಾರನ್ ಬೇರೊಂದು ದಾರಿ ಹಿಡಿದು, ಬೆಳಕು ಬದಲಾದಾಗ ಬಣ್ಣಗಳ ಹಂಚಿಕೆಯ ನಕ್ಷೆ ತನ್ನ ಆಕಾರ ಬದಲಿಸದೆ ಪಕ್ಕಕ್ಕೆ ಸರಿಯುತ್ತದಷ್ಟೇ ಎಂಬ ಗಣಿತ ಸತ್ಯವನ್ನು ಬಳಸಿಕೊಂಡರು. 2017ರಲ್ಲಿ ಸುಧಾರಿಸಿದ ಅದರ ರೂಪವು ಫೋನಿನಲ್ಲಿಯೇ ಸೆಕೆಂಡಿಗೆ ಸುಮಾರು 700 ಚಿತ್ರಗಳನ್ನು ಪರಿಶೀಲಿಸುವಷ್ಟು ವೇಗವಾಗಿತ್ತು. ಬಿಸಿಯಾಗುವ, ಬ್ಯಾಟರಿ ಬೇಗ ತೀರುವ ಫೋನಿಗೆ ಈ ಮಿತವ್ಯಯ ಬಹಳ ಮುಖ್ಯ.

2017ರಲ್ಲೇ ಯುವಾನ್‌ಮಿಂಗ್ ಹೂ ಮತ್ತು ಸಂಗಡಿಗರು ಪ್ರಕಟಿಸಿದ ಎಫ್‌ಸಿ4 ಎಂಬ ವಿಧಾನವು ಹಸಿರು ಬಯಲಿನ ಸಮಸ್ಯೆಗೆ ಹೆಚ್ಚು ಹತ್ತಿರದ್ದು. ಚಿತ್ರದ ಎಲ್ಲ ಭಾಗಗಳೂ ಬೆಳಕಿನ ಬಗ್ಗೆ ಸಮಾನವಾಗಿ ಸಾಕ್ಷಿ ಹೇಳುವುದಿಲ್ಲ. ಗೋಡೆಯೊಂದು ಯಾವ ಬಣ್ಣದ್ದೂ ಇರಬಹುದು, ಆದರೆ ಬಾಳೆಹಣ್ಣಿನ ಬಣ್ಣದ ವ್ಯಾಪ್ತಿ ಚಿಕ್ಕದು. ಆದ್ದರಿಂದ ಈ ಜಾಲವು ಪ್ರತಿ ಭಾಗಕ್ಕೂ ಬೆಳಕಿನ ಒಂದು ಅಂದಾಜಿನ ಜೊತೆಗೆ ಆ ಅಂದಾಜನ್ನು ಎಷ್ಟು ನಂಬಬಹುದೆಂಬ ತೂಕವನ್ನೂ ಕಲಿಯುತ್ತದೆ. ಭತ್ತದ ಗದ್ದೆಯನ್ನು ಗದ್ದೆಯೆಂದು ಗುರುತಿಸಿದ ಜಾಲವು ಅದರ ಹಸಿರನ್ನು ಬೆಳಕಿನ ತಲೆಗೆ ಕಟ್ಟದೆ ಇರಬಲ್ಲದು. ಆದರೆ ಹಾಗೆ ಗುರುತಿಸಲು ಅದು ಗದ್ದೆಗಳನ್ನು ಮೊದಲೇ ಕಂಡಿರಬೇಕು.

ತರಬೇತಿಯ ಚಿತ್ರಕೋಶಗಳ ಪ್ರಶ್ನೆ ಹುಟ್ಟುವುದು ಇಲ್ಲಿಯೇ. ಈ ಸಂಶೋಧನೆಯ ಬಹುಪಾಲು 2008ರಲ್ಲಿ ಪೀಟರ್ ಗೆಲರ್ ಮತ್ತು ಸಂಗಡಿಗರು ಕೇಂಬ್ರಿಜ್‌ನಿಂದ ಒದಗಿಸಿದ, ಎರಡು ಕ್ಯಾನನ್ ಕ್ಯಾಮೆರಾಗಳಿಂದ ತೆಗೆದ 568 ಚಿತ್ರಗಳ ಮೇಲೆ ಪರೀಕ್ಷೆಗೊಂಡಿದೆ. ಪ್ರತಿ ಚಿತ್ರದಲ್ಲೂ 1976ರಲ್ಲಿ ರೂಪುಗೊಂಡ 24 ಬಣ್ಣದ ಮನೆಗಳ ಮ್ಯಾಕ್‌ಬೆತ್ ಫಲಕವನ್ನು ಇರಿಸಿ, ಅದರ ಬೂದು ಮನೆಗಳಿಂದ ಬೆಳಕಿನ ನಿಜವಾದ ಬಣ್ಣವನ್ನು ಲೆಕ್ಕ ಹಾಕಲಾಗಿತ್ತು. ಅದೇ ಚಿತ್ರಗಳಿಗೆ ಬೇರೆ ಬೇರೆ ಸರಿಯುತ್ತರಗಳು ವಿದ್ವಾಂಸರ ನಡುವೆ ಹರಿದಾಡುತ್ತಿದ್ದು, ವಿಧಾನಗಳ ಮೇಲು ಕೀಳುಗಳ ಹೋಲಿಕೆಯೇ ಅದರಿಂದ ಏರುಪೇರಾಗಿತ್ತು ಎಂಬುದು 2018ರಲ್ಲಿ ಸ್ಪಷ್ಟವಾಯಿತು. ಇಂಥ ಚಿತ್ರಕೋಶದಲ್ಲಿ ಕಲಿತ ಜಾಲಕ್ಕೆ ಮಳವಳ್ಳಿಯ ಕೆಂಪು ಮಣ್ಣು, ಕಬ್ಬಿನ ರವುದಿಯ ಒಣಹಳದಿ, ನಾಲೆಯ ಕದಡಿದ ನೀರು ಪರಿಚಿತವಾಗಿರಲು ಕಾರಣವಿಲ್ಲ. ತಪ್ಪಿನ ಪ್ರಮಾಣವನ್ನು ಈ ಕ್ಷೇತ್ರದಲ್ಲಿ, ಬೆಳಕಿನ ಅಂದಾಜು ಬಣ್ಣಕ್ಕೂ ನಿಜವಾದ ಬಣ್ಣಕ್ಕೂ ನಡುವಿನ ಕೋನದ ಡಿಗ್ರಿಗಳಲ್ಲಿ ಅಳೆಯುತ್ತಾರೆ. ಎರಡು ಮೂರು ಡಿಗ್ರಿಯೊಳಗಿನ ದೋಷ ಸಾಮಾನ್ಯ ನೋಟಕ್ಕೆ ಅಡ್ಡಿಯಲ್ಲ ಎಂಬ ಅಭಿಪ್ರಾಯವೂ ಇದೆ. ಆದರೆ ಅಡ್ಡಿಯಿಲ್ಲ ಎನ್ನುವುದು ಚಿತ್ರವನ್ನು ನೋಡಿ ಸಂತೋಷಪಡುವವರ ಮಾತು. ಎರಡು ಹತ್ತಿರದ ಹಸಿರುಗಳಲ್ಲಿ ಒಂದನ್ನು ಆರಿಸಬೇಕಾದವರಿಗೆ ಅದು ಅನ್ವಯಿಸುವುದಿಲ್ಲ.

ಇನ್ನೊಂದು ಮಿತಿಯೂ ಇದೆ. ಮೇಲಿನ ವಿಧಾನಗಳೆಲ್ಲ ದೃಶ್ಯದಲ್ಲಿ ಒಂದೇ ಬೆಳಕಿದೆ ಎಂದು ನಂಬುತ್ತವೆ. ಆಲೆಮನೆಯಲ್ಲಿ ಕೊಪ್ಪರಿಗೆಯ ಕೆಳಗಿನ ಒಲೆಯ ಕೆಂಬೆಳಕು, ತೆರೆದ ಬದಿಯಿಂದ ಬರುವ ಹಗಲು, ಮೇಲೆ ತೂಗುಹಾಕಿದ ಎಲ್‌ಇಡಿ ಬಲ್ಬು ಮೂರೂ ಒಟ್ಟಿಗೇ ಇರುತ್ತವೆ, ನಡುವೆ ಹಬೆ ಎದ್ದಿರುತ್ತದೆ. ಒಂದಕ್ಕೆ ಹೊಂದಿಸಿದರೆ ಇನ್ನೆರಡು ಕೆಡುತ್ತವೆ. ಚಿತ್ರದ ಪ್ರತಿ ಭಾಗಕ್ಕೂ ಪ್ರತ್ಯೇಕ ಬೆಳಕನ್ನು ಅಂದಾಜು ಮಾಡುವ ಜಾಲಗಳು ಈಚೆಗೆ ಬಂದಿವೆಯಾದರೂ, ಬೇರೆ ಬೇರೆ ಬೆಳಕುಗಳು ಎಲ್ಲೆಲ್ಲಿ ಎಷ್ಟೆಷ್ಟು ಬಿದ್ದಿವೆ ಎಂಬ ಸರಿಯುತ್ತರವನ್ನು ಅಳೆದು ಕೊಡುವುದು ಬಹಳ ಕಷ್ಟವಾದ್ದರಿಂದ ಅವುಗಳ ತರಬೇತಿ ಇನ್ನೂ ಎಳೆಯದು.

ಉಳಿದ ಹಂತಗಳನ್ನು ಸಂಕ್ಷೇಪವಾಗಿ ನೋಡಬಹುದು. ಡಿಮೊಸಾಯಿಕಿಂಗ್ ಮತ್ತು ಕಲೆಯಂತೆ ಕಾಣುವ ವಿದ್ಯುತ್ ಗದ್ದಲದ ನಿವಾರಣೆ ಎರಡನ್ನೂ ಒಂದೇ ಜಾಲದಲ್ಲಿ ಮಾಡುವ ವಿಧಾನವನ್ನು ಗರ್ಬಿ ಮತ್ತು ಸಂಗಡಿಗರು 2016ರಲ್ಲಿ ತೋರಿಸಿದರು. ಚೆನ್ ಚೆನ್ ಮತ್ತು ಸಂಗಡಿಗರು 2018ರಲ್ಲಿ ಕಡುಗತ್ತಲೆಯ ಸೆನ್ಸರ್ ಅಳತೆಗಳಿಂದ ಬಣ್ಣದ ಚಿತ್ರವನ್ನು ಒಂದೇ ಜಾಲದಿಂದ ಎತ್ತಿದರು. ಇಗ್ನಾಟೊವ್ ಮತ್ತು ಸಂಗಡಿಗರು 2020ರಲ್ಲಿ ಹುವಾವೇ ಫೋನೊಂದರ ಕಚ್ಚಾ ಅಳತೆಗಳನ್ನು ದುಬಾರಿ ಕ್ಯಾನನ್ ಕ್ಯಾಮೆರಾದ ಚಿತ್ರಗಳಿಗೆ ಹೊಂದಿಸಿ, ಇಡೀ ಹಂತಸರಣಿಯ ಬದಲು ಒಂದೇ ಜಾಲ ಸಾಕೆಂದು ವಾದಿಸಿದರು. ಇವೆಲ್ಲ ನಿಜವಾದ ಸಾಧನೆಗಳು. ಅಗ್ಗದ ಫೋನಿನಲ್ಲಿಯೂ ಸಂಜೆಯ ಮದ್ದೂರು ಸಂತೆಯ ಚಿತ್ರ ಸ್ವಚ್ಛವಾಗಿ ಬರುವುದಕ್ಕೆ ಇಂಥ ಕೆಲಸಗಳ ಋಣವಿದೆ.

ಆದರೆ ಸರಿಯಾದ ಚಿತ್ರ ಯಾವುದೆಂದು ಯಾರು ಹೇಳಿದರು? ಎಂಐಟಿ ಮತ್ತು ಅಡೋಬಿ 2011ರಲ್ಲಿ ಒದಗಿಸಿದ 5000 ಚಿತ್ರಗಳ ಕೋಶವೊಂದಿದೆ. ಐವರು ನುರಿತ ಚಿತ್ರ ಪರಿಷ್ಕಾರಕರು ಪ್ರತಿ ಚಿತ್ರವನ್ನೂ ತಮ್ಮ ತಮ್ಮ ಅಭಿರುಚಿಯಂತೆ ತಿದ್ದಿಕೊಟ್ಟಿದ್ದಾರೆ. ಐವರ ತಿದ್ದುಪಡಿಗಳೂ ಒಂದರಂತೆ ಇನ್ನೊಂದಿಲ್ಲ, ಆದರೂ ನಂತರದ ಸಂಶೋಧನೆಗಳಲ್ಲಿ ‘ಸಿ’ ಎಂದು ಗುರುತಿಸಲಾದ ಒಬ್ಬ ಪರಿಷ್ಕಾರಕರ ಚಿತ್ರಗಳನ್ನೇ ಗುರಿಯಾಗಿಟ್ಟುಕೊಳ್ಳುವುದು ರೂಢಿಯಾಯಿತು. ಒಬ್ಬ ವ್ಯಕ್ತಿಯ ಅಭಿರುಚಿ ಹೀಗೆ ನೂರಾರು ಜಾಲಗಳ ಸತ್ಯವಾಗಿದ್ದು ಗಂಭೀರವಾಗಿ ಯೋಚಿಸಬೇಕಾದ ಸಂಗತಿ. ಇದಕ್ಕೆ ಮೇಲಾಗಿ ಅನೇಕ ಫೋನುಗಳು ದೃಶ್ಯವನ್ನು ಗುರುತಿಸಿ ಗಿಡಮರಗಳೆಂದು ಕಂಡರೆ ಹಸಿರನ್ನೂ ಆಕಾಶವೆಂದು ಕಂಡರೆ ನೀಲಿಯನ್ನೂ ಗಾಢಗೊಳಿಸುತ್ತವೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹುಣಸೆಮರದ ಮೇಲೆ ಕುಳಿತ ಬಣ್ಣದ ಕೊಕ್ಕರೆಯ ಬೆನ್ನ ಹಿಂಬದಿಯ ತೆಳುಗುಲಾಬಿ ಗರಿ ಸ್ವಲ್ಪ ಹೆಚ್ಚು ಗುಲಾಬಿಯಾದರೆ ಪ್ರವಾಸಿಗೆ ನಷ್ಟವಿಲ್ಲ. ಸಾರಜನಕ ಸಾಲದೆ ಹಳದಿಗೆ ತಿರುಗುತ್ತಿರುವ ಪೈರು ಪರದೆಯ ಮೇಲೆ ಕಡುಹಸಿರಾಗಿ ಕಂಡರೆ ಬೆಳೆಗಾರನಿಗೆ ನಷ್ಟವಿದೆ.

ಭತ್ತದ ಎಲೆಯ ಬಣ್ಣವನ್ನು ಅಳೆಯುವ ಪರಂಪರೆ ಮೊಬೈಲಿಗಿಂತ ಹಳೆಯದು. ಎಲೆಯ ಪತ್ರಹರಿತ್ತು ಕೆಂಪು ಮತ್ತು ನೀಲಿ ಬೆಳಕನ್ನು ಹೀರಿಕೊಂಡು ಹಸಿರನ್ನು ಹೆಚ್ಚಾಗಿ ಹೊರಚೆಲ್ಲುತ್ತದೆ. ಸಾರಜನಕ ಕಡಿಮೆಯಾದಾಗ ಪತ್ರಹರಿತ್ತು ಕುಗ್ಗಿ, ಕೆಂಪು ಬೆಳಕೂ ಹೊರಬರತೊಡಗಿ, ಎಲೆ ಹಳದಿಗೆ ವಾಲುತ್ತದೆ. ಜಪಾನಿನಲ್ಲಿ ಮೊದಲು ರೂಪುಗೊಂಡು, ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯು ಏಷ್ಯಾದ ರೈತರಿಗಾಗಿ ಅಳವಡಿಸಿದ ಎಲೆ ಬಣ್ಣದ ಪಟ್ಟಿಯು ಈ ಸಂಬಂಧವನ್ನೇ ಆಧರಿಸಿದ ಪ್ಲಾಸ್ಟಿಕ್ ಸಾಧನ. ತಿಳಿಹಸಿರಿನಿಂದ ಕಡುಹಸಿರಿನವರೆಗೆ ಅದರಲ್ಲಿ ಮೊದಲು ಆರು, ಈಚೆಗೆ ನಾಲ್ಕು ಪಟ್ಟೆಗಳಿವೆ. ಪೂರ್ತಿ ಬಿಚ್ಚಿಕೊಂಡ ಮೇಲಿನ ಎಲೆಯ ನಡುಭಾಗವನ್ನು ಪಟ್ಟಿಗೆ ಹೋಲಿಸಬೇಕು, ಹತ್ತು ಎಲೆಗಳಲ್ಲಿ ಆರು ಅಥವಾ ಹೆಚ್ಚು ಎಲೆಗಳು ಗೊತ್ತುಪಡಿಸಿದ ಪಟ್ಟೆಗಿಂತ ತಿಳಿಯಾಗಿದ್ದರೆ ಯೂರಿಯಾ ಕೊಡಬೇಕು, ನಾಟಿಯಾದ ಎರಡು ವಾರದಿಂದ ಹೂ ಬರುವವರೆಗೆ ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ ನೋಡಬೇಕು ಎಂಬುದು ಅದರ ಕ್ರಮ. ಬಳಕೆಯ ಸೂಚನೆಗಳಲ್ಲಿ ಇನ್ನೆರಡು ಮಾತುಗಳಿವೆ: ನೇರ ಬಿಸಿಲು ಬೀಳದಂತೆ ಮೈಯ ನೆರಳಿನಲ್ಲಿ ನೋಡಬೇಕು, ಪ್ರತಿಸಲವೂ ಅದೇ ವ್ಯಕ್ತಿ ಅದೇ ಹೊತ್ತಿನಲ್ಲಿ ನೋಡಬೇಕು. ಅಂದರೆ ಬೆಳಕನ್ನು ಸ್ಥಿರಗೊಳಿಸುವ ಸಮಸ್ಯೆಯನ್ನು ಈ ಸರಳ ಪಟ್ಟಿಯ ರಚನಕಾರರು ಶಿಸ್ತಿನಿಂದ ಬಿಡಿಸಿದ್ದರು. ಎಲೆಯೂ ಪಟ್ಟಿಯೂ ಒಂದೇ ಬೆಳಕಿನಲ್ಲಿ ಇರುವುದರಿಂದ ಬೆಳಕಿನ ಛಾಯೆ ಎರಡಕ್ಕೂ ಸಮನಾಗಿ ತಗುಲಿ, ಹೋಲಿಕೆ ಬಹುಮಟ್ಟಿಗೆ ಉಳಿಯುತ್ತದೆ.

ಫೋನಿನ ಚಿತ್ರದಿಂದ ಇದೇ ಅಳತೆ ಮಾಡಹೊರಟ ಪ್ರಯತ್ನಗಳು ಅನೇಕವಿದ್ದು, ಅವುಗಳಲ್ಲಿ ಯಶಸ್ಸು ಪಡೆದವು ಸಾಮಾನ್ಯವಾಗಿ ಈ ಶಿಸ್ತನ್ನು ಕೈಬಿಡದವು: ಎಲೆಯ ಹಿಂದೆ ಬಿಳಿ ಅಥವಾ ಬೂದು ಹಾಳೆ ಇಡುವುದು, ಚಿತ್ರದೊಳಗೇ ಬಣ್ಣದ ಫಲಕ ಸೇರಿಸುವುದು. ಈ ಶಿಸ್ತಿಲ್ಲದೆ ಕೇವಲ ಚಿತ್ರಗಳ ಸಂಖ್ಯೆಯನ್ನು ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಬೆಳೆರೋಗ ಗುರುತಿಸುವ ಕ್ಷೇತ್ರದಲ್ಲಿ ಹೆಸರಾದ ನಿದರ್ಶನವಿದೆ. ಮೊಹಂತಿ, ಹ್ಯೂಸ್ ಮತ್ತು ಸಲಾಥೆ 2016ರಲ್ಲಿ ಪ್ಲಾಂಟ್‌ವಿಲೇಜ್ ಕೋಶದ 54,306 ಎಲೆ ಚಿತ್ರಗಳಿಂದ ತರಬೇತಿಗೊಳಿಸಿದ ಜಾಲವು ಅದೇ ಕೋಶದಿಂದ ತೆಗೆದಿರಿಸಿದ ಚಿತ್ರಗಳಲ್ಲಿ ಶೇ 99.35ರಷ್ಟು ಸರಿಯುತ್ತರ ಕೊಟ್ಟಿತು. ಬೇರೆ ಪರಿಸ್ಥಿತಿಯಲ್ಲಿ ತೆಗೆದ ಚಿತ್ರಗಳನ್ನು ಕೊಟ್ಟಾಗ ಅದು ಸುಮಾರು ಶೇ 31ಕ್ಕೆ ಇಳಿಯಿತು. ಆ ಕುಸಿತಕ್ಕೆ ಬಣ್ಣವೊಂದೇ ಕಾರಣವಲ್ಲ, ಹಿನ್ನೆಲೆ, ಎಲೆಯ ಭಂಗಿ ಎಲ್ಲವೂ ಸೇರಿವೆ. ಆದರೂ ಬೆಂಕಿರೋಗದ ಬೂದು ನಡುವಿನ ಕಂದು ಅಂಚಿನ ಚುಕ್ಕೆಯನ್ನು, ದುಂಡಾಣು ಅಂಗಮಾರಿಯ ಹಳದಿ ಅಂಚನ್ನು, ಸತುವಿನ ಕೊರತೆಯ ತುಕ್ಕುಬಣ್ಣವನ್ನು ಬಣ್ಣದಿಂದಲೇ ಬೇರ್ಪಡಿಸಬೇಕಾದ ಭತ್ತದಲ್ಲಿ ಈ ಎಚ್ಚರ ಇನ್ನಷ್ಟು ಅಗತ್ಯ.

ರೇಷ್ಮೆ ಗೂಡಿನ ಸಂದರ್ಭ ಇದಕ್ಕಿಂತ ಸ್ವಾರಸ್ಯಕರ. ಮೈಸೂರು ತಳಿಯನ್ನು ತಾಯಿಯಾಗಿ ಇಟ್ಟುಕೊಂಡು ಪಡೆದ ಮಿಶ್ರತಳಿ ಗೂಡಿಗೆ ಹಸಿರು ಬೆರೆತ ಹಳದಿ ಬಣ್ಣವಿದ್ದು, ದ್ವಿತಳಿ ಗೂಡು ಬಿಳಿ. ಚೌಕಟ್ಟಿನ ತುಂಬ ಮಿಶ್ರತಳಿ ಗೂಡುಗಳೇ ಇದ್ದಾಗ ಅತಿ ಪ್ರಕಾಶದ ಭಾಗವನ್ನು ಬಿಳಿಯೆಂದು ತಿಳಿಯುವ ಲೆಕ್ಕವು ಗೂಡಿನ ಹಳದಿಯನ್ನೇ ಬೆಳಕಿನದೆಂದು ತೆಗೆದುಹಾಕಿ ಅವನ್ನು ಬಿಳಿಯಾಗಿಸುತ್ತದೆ. ಕಲಿತ ಜಾಲವೂ ಗೂಡನ್ನು ಕಂಡಿಲ್ಲದಿದ್ದರೆ ಇದೇ ತಪ್ಪು ಮಾಡಬಹುದು. ಬೆಲ್ಲದಲ್ಲಿ ತೊಡಕು ಇನ್ನೂ ಆಳದ್ದು. ಅಚ್ಚು, ಬಕೆಟ್, ಕುರಿಕಟ್ಟು ಎಂದು ಮಂಡ್ಯದ ಮಾರುಕಟ್ಟೆಯಲ್ಲಿ ಬೇರೆ ಬೇರೆಯಾಗಿ ಹರಾಜಾಗುವ ಬೆಲ್ಲದಲ್ಲಿ ತಿಳಿಹೊಂಬಣ್ಣಕ್ಕೆ ಬೇಡಿಕೆ ಹೆಚ್ಚು. ಆ ಬಣ್ಣ ಒಳ್ಳೆಯ ಕಬ್ಬಿನಿಂದ, ಹದವಾದ ಪಾಕದಿಂದ ಬರಬಹುದು, ಹೈಡ್ರೋಸ್ ಎಂದು ಕರೆಯುವ ಸೋಡಿಯಂ ಹೈಡ್ರೋಸಲ್ಫೈಟ್ ಬೆರೆಸಿದ್ದರಿಂದಲೂ ಬರಬಹುದು. ಕಬ್ಬಿನ ಹಾಲಿನ ಬಣ್ಣವನ್ನು ತಿಳಿಗೊಳಿಸುವ ಈ ರಾಸಾಯನಿಕವು ಗಂಧಕದ ಡೈಆಕ್ಸೈಡನ್ನು ಉಳಿಸಿಹೋಗುವುದರಿಂದ ಆಹಾರ ಸುರಕ್ಷತಾ ನಿಯಮಗಳು ಅದರ ಶೇಷಕ್ಕೆ ಮಿತಿ ಹಾಕಿವೆ. ಬೆಳಕಿನ ಪೂರ್ಣ ವರ್ಣಪಟಲವನ್ನು ಮೂರೇ ಸಂಖ್ಯೆಗಳಿಗೆ ಇಳಿಸುವ ಕ್ಯಾಮೆರಾದಲ್ಲಿ ಭಿನ್ನ ಪಟಲದ ಎರಡು ವಸ್ತುಗಳು ಒಂದೇ ಬಣ್ಣವಾಗಿ ತೋರುವುದು ಸಾಧ್ಯ, ಹಾಗೆ ಕಳೆದುಹೋದ ಮಾಹಿತಿಯನ್ನು ಯಾವ ಜಾಲವೂ ಮರಳಿ ತರಲಾರದು. ಬೆಲ್ಲದ ಚಿತ್ರದಿಂದ ದರ್ಜೆ ಹೇಳುವ ಆ್ಯಪ್ ಬಂದರೆ ಅದು ಬಣ್ಣದ ಹೋಲಿಕೆಯನ್ನಷ್ಟೇ ಹೇಳೀತು; ಶುದ್ಧತೆಯ ಮಾತು ಪ್ರಯೋಗಾಲಯದ್ದು. ಚಿತ್ರದ ಬಣ್ಣವೇ ಧಾರಣೆಯನ್ನು ನಿರ್ಧರಿಸಿದರೆ ಹೈಡ್ರೋಸ್ ಬಳಸದ ಆಲೆಮನೆಯವರಿಗೆ ಅನ್ಯಾಯ ಹೆಚ್ಚಾಗುತ್ತದೆ.

ಮನುಷ್ಯರ ಮೈಬಣ್ಣದ ಪ್ರಶ್ನೆಯನ್ನು ಇಲ್ಲಿ ಬಿಡುವಂತಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಕೊಡಾಕ್ ಫಿಲ್ಮಿನ ಬಣ್ಣವನ್ನು ಹೊಂದಿಸಲು ಬಳಸುತ್ತಿದ್ದ ಶರ್ಲಿ ಕಾರ್ಡುಗಳಲ್ಲಿ ದೀರ್ಘಕಾಲ ಬಿಳಿಯ ಮಹಿಳೆಯರ ಚಿತ್ರಗಳೇ ಇದ್ದವು, ಕಪ್ಪು ಮೈಬಣ್ಣದವರು ಆ ಅಳತೆಗೆ ಹೊರಗಾಗಿದ್ದರು. ಗೂಗಲ್ 2021ರಲ್ಲಿ ತನ್ನ ಪಿಕ್ಸೆಲ್ 6 ಫೋನಿನೊಂದಿಗೆ ರಿಯಲ್ ಟೋನ್ ಎಂಬ ತಿದ್ದುಪಡಿಯನ್ನೂ, 2022ರಲ್ಲಿ ಹಾರ್ವರ್ಡ್‌ನ ಸಮಾಜಶಾಸ್ತ್ರಜ್ಞ ಎಲಿಸ್ ಮಾಂಕ್ ರೂಪಿಸಿದ ಹತ್ತು ಛಾಯೆಗಳ ಮೈಬಣ್ಣದ ಮಾಪಕವನ್ನೂ ತಂದದ್ದು ಈ ಅನ್ಯಾಯದ ತಡವಾದ ಒಪ್ಪಿಗೆ. ಬಿಸಿಲಿನಲ್ಲಿ ನಾಟಿ ಮಾಡುವ ಹೆಣ್ಣುಮಕ್ಕಳ ಮುಖವನ್ನು ಕೇಳದೆಯೇ ಬೆಳ್ಳಗೆ ಮಾಡುವ ಫೋನು ಅವರ ಚಿತ್ರವನ್ನು ತೆಗೆದಂತಲ್ಲ, ಬೇರೆ ಯಾರದೋ ಚಿತ್ರವನ್ನು ಅವರಿಗೆ ಕೊಟ್ಟಂತೆ.

ಹಾಗಾದರೆ ಅಳೆಯಲು ಯೋಗ್ಯವಾದ ಬಣ್ಣಕ್ಕೆ ದಾರಿ ಇದೆಯೇ? ಭಾಗಶಃ ಇದೆ. ಅಡೋಬಿ 2004ರಲ್ಲಿ ಪ್ರಕಟಿಸಿದ ಡಿಎನ್‌ಜಿ ಮಾದರಿಯ ಕಚ್ಚಾ ಕಡತವನ್ನು, ಅಂದರೆ ಹಿತಕ್ಕಾಗಿ ತಿದ್ದದ ಸೆನ್ಸರ್ ಅಳತೆಗಳನ್ನು, ಪಡೆಯುವ ಅವಕಾಶವನ್ನು ಆಂಡ್ರಾಯ್ಡ್ 2014ರಿಂದ ಆ್ಯಪ್‌ಗಳಿಗೆ ಕೊಟ್ಟಿದೆ, ಆದರೆ ಅಗ್ಗದ ಫೋನುಗಳಲ್ಲಿ ತಯಾರಕರು ಇದನ್ನು ಅನೇಕ ಬಾರಿ ಮುಚ್ಚಿಡುತ್ತಾರೆ. ಕೆನಡಾದ ಯಾರ್ಕ್ ವಿಶ್ವವಿದ್ಯಾಲಯದ ಮಹಮೂದ್ ಅಫೀಫಿ ಮತ್ತು ಮೈಕೆಲ್ ಬ್ರೌನ್ 2019 ಮತ್ತು 2020ರಲ್ಲಿ ಸಂಗಡಿಗರೊಂದಿಗೆ, ತಪ್ಪು ವೈಟ್ ಬ್ಯಾಲೆನ್ಸ್‌ನಿಂದ ಈಗಾಗಲೇ ಕೆಟ್ಟ ಜೆಪೆಗ್ ಚಿತ್ರವನ್ನು ಹಿಂದಿರುಗಿ ಸರಿಪಡಿಸುವ ವಿಧಾನಗಳನ್ನು ಕೊಟ್ಟಿದ್ದಾರೆ. ಬೆಳೆ ಸಮೀಕ್ಷೆಯಲ್ಲಿ ಶೇಖರವಾಗುವಂಥ ಚಿತ್ರಗಳಿಗೆ ಇದು ಉಪಯುಕ್ತವಾಗಬಹುದು. ಆದರೆ ಜೆಪೆಗ್ ಬಣ್ಣದ ವಿವರವನ್ನು ಬೆಳಕಿನ ವಿವರಕ್ಕಿಂತ ಹೆಚ್ಚಾಗಿ ಕುಗ್ಗಿಸುತ್ತದೆ, ವಾಟ್ಸ್‌ಆ್ಯಪ್ ಮತ್ತೊಮ್ಮೆ ಕುಗ್ಗಿಸುತ್ತದೆ.

ನಿಜವಾದ ಕೊರತೆ ಇರುವುದು ಸ್ಥಳೀಯ ಚಿತ್ರಕೋಶದಲ್ಲಿ. ಮಂಡ್ಯದ ವಿ.ಸಿ. ಫಾರಂ 1930ರ ದಶಕದಿಂದಲೂ ಭತ್ತ, ಕಬ್ಬು, ರಾಗಿಗಳ ಪ್ರಯೋಗ ನಡೆಸಿಕೊಂಡು ಬಂದ ಸಂಶೋಧನಾ ಕೇಂದ್ರ. ಬೇರೆ ಬೇರೆ ಪ್ರಮಾಣದ ಸಾರಜನಕ ಕೊಟ್ಟ ತಾಕುಗಳು ಇಂಥ ಕೇಂದ್ರಗಳ ದಿನನಿತ್ಯದ ಕೆಲಸ. ಆ ತಾಕುಗಳಲ್ಲಿ ಒಂದೇ ಎಲೆಯನ್ನು ಮೂರು ನಾಲ್ಕು ದರದ ಫೋನುಗಳಿಂದ, ಬೆಳಗ್ಗೆ, ನಡುಹಗಲು, ಮೋಡದಲ್ಲಿ, ಬಣ್ಣದ ಫಲಕದೊಂದಿಗೆ ಕಚ್ಚಾ ಕಡತವಾಗಿ ತೆಗೆದು, 650 ಮತ್ತು 940 ನ್ಯಾನೋಮೀಟರ್ ಬೆಳಕನ್ನು ಎಲೆಯ ಮೂಲಕ ಹಾಯಿಸಿ ಪತ್ರಹರಿತ್ತನ್ನು ಅಂದಾಜಿಸುವ ಸ್ಪಾಡ್ ಮಾಪಕದ ಓದನ್ನೂ ಎಲೆ ಬಣ್ಣದ ಪಟ್ಟಿಯ ಅಂಕವನ್ನೂ ಅದರ ಜೊತೆಗೆ ಬರೆದಿಟ್ಟರೆ, ನರಜಾಲಕ್ಕೆ ಪರಿಷ್ಕಾರಕರೊಬ್ಬರ ಅಭಿರುಚಿಯ ಬದಲು ಎಲೆಯೇ ಗುರುವಾಗುತ್ತದೆ. ತಳಿಯ ಹೆಸರು ಅದರಲ್ಲಿ ತಪ್ಪದೆ ಇರಬೇಕು, ಏಕೆಂದರೆ ರಾಜಮುಡಿಯ ಹಸಿರು, ತನುವಿನ ಹಸಿರು, ಎಂಟಿಯು-1001ರ ಹಸಿರು ಒಂದೇ ಸಾರಜನಕದಲ್ಲೂ ಒಂದೇ ಆಗಿರಬೇಕಿಲ್ಲ. ನೀರು ಬಿಟ್ಟ ದಿನಾಂಕವೂ ಇರಬೇಕು: ಮದ್ದೂರು, ಮಳವಳ್ಳಿಗಳ ನಾಲೆಯ ಕೊನೆಭಾಗದ ಗದ್ದೆಗಳಲ್ಲಿ ನೀರು ತಡವಾದಾಗಲೂ ಪೈರು ಹಳದಿಯಾಗುತ್ತದೆ, ಆ ಹಳದಿಗೂ ಗೊಬ್ಬರ ಸಾಲದ ಹಳದಿಗೂ ಇರುವ ವ್ಯತ್ಯಾಸ ಚಿತ್ರದ ಮೂರು ಸಂಖ್ಯೆಗಳಲ್ಲಿ ಸಿಗುತ್ತದೆಯೇ ಎಂಬುದನ್ನು ಅಂಥ ಕೋಶವಿದ್ದರೆ ಮಾತ್ರ ಪರೀಕ್ಷಿಸಬಹುದು.